ಹೊರಡುವ ಹೊತ್ತು

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ, ಕಪಿಲೆಯ ಆಸುಪಾಸಿನ ಗದ್ದೆಗಳಲ್ಲಿ ನಾಟಿ ಹಾಕುವ ಹೆಂಗಸರ ಕತ್ತು, ಮುಂಗೈ ಹಗಲೆಲ್ಲ ಬಿಸಿಲಿಗೆ ಒಡ್ಡಿಕೊಂಡಿರುತ್ತವೆ. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಕೋಶಕ್ಕಿಳಿದು ಡಿಎನ್‌ಎ ಎಳೆಯ ಅಕ್ಕಪಕ್ಕದ ಎರಡು ಅಕ್ಷರಗಳನ್ನು ಬೆಸೆದುಬಿಡುತ್ತದೆ. ಅವರ ಕೈಯಲ್ಲಿರುವ ಪೈರಿಗೂ ಅದೇ ಗಾಯ. ಆದರೆ ಪೈರಿನಲ್ಲಿ ಫೋಟೊಲಯೇಸ್ ಎಂಬ ಕಿಣ್ವವಿದೆ. ಅದು ಬೆಳಕಿನ ಬಲದಿಂದಲೇ ಬೆಸುಗೆಯನ್ನು ಬಿಡಿಸುತ್ತದೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ನಮ್ಮ ಕೋಶ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಆ ಜಾಗವನ್ನು ಹೊಸದಾಗಿ ಹೆಣೆಯಬೇಕು. ಈ ಎರಡೂ ದಾರಿಗಳ ಮೇಲೆ ದುಡಿದ ಅಜೀಜ್ ಸಂಜಾರ್ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು.

ನನ್ನ ಮನಸ್ಸು ನಿಲ್ಲುವುದು ಕತ್ತರಿಸುವುದಕ್ಕೂ ಮುಂಚಿನ ಹೆಜ್ಜೆಯಲ್ಲಿ. ಗಾಯವನ್ನು ಮೊದಲು ಕಾಣುವ ಪ್ರೋಟೀನು ಡಿಡಿಬಿ2. ಅದು ಎಳೆಯನ್ನು ಹಿಡಿದು ಬಾಗಿಸಿ, ಎಕ್ಸ್‌ಪಿಸಿ ಎಂಬ ಇನ್ನೊಂದನ್ನು ಬರಮಾಡಿಕೊಳ್ಳುತ್ತದೆ. ಡಿಡಿಬಿ2 ತಾನು ಬರುವಾಗಲೇ ಒಂದು ಕಿಣ್ವಕೂಟವನ್ನೂ ಜೊತೆಗೆ ತಂದಿರುತ್ತದೆ. ಆ ಕೂಟ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನಾದ ಯುಬಿಕ್ವಿಟಿನ್ನನ್ನು ಎಕ್ಸ್‌ಪಿಸಿಗೂ ಅಂಟಿಸುತ್ತದೆ, ಕರೆತಂದ ಡಿಡಿಬಿ2ಗೂ ಅಂಟಿಸುತ್ತದೆ. ಗುರುತು ಒಂದೇ, ಗತಿ ಬೇರೆ. ಎಕ್ಸ್‌ಪಿಸಿ ನಾಶವಾಗದೆ ಡಿಎನ್‌ಎಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಡಿಡಿಬಿ2ನ ಹಿಡಿತ ಸಡಿಲವಾಗುತ್ತದೆ. ಪಿ97 ಎಂಬ ಕಿಣ್ವ ಅದನ್ನು ಎಳೆದು ತೆಗೆಯುತ್ತದೆ. ಪ್ರೋಟೀನುಗಳನ್ನು ಒಡೆಯುವ ಪ್ರೋಟಿಯಸೋಮಿನೊಳಗೆ ಡಿಡಿಬಿ2 ಚೂರಾಗುತ್ತದೆ. ಜೋರಾಗಿ ನೇರಳಾತೀತ ಕಿರಣ ಬಿದ್ದ ಕೋಶದಲ್ಲಿ ಕೆಲವೇ ಗಂಟೆಗಳೊಳಗೆ ಡಿಡಿಬಿ2 ಬಹುಪಾಲು ಮುಗಿದಿರುತ್ತದೆ. ಒಂದೆರಡು ದಿನ ಕಳೆದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ.

ಹೊರಡದೆ ಅಲ್ಲೇ ಉಳಿದರೆ? ಪಿ97 ಇಲ್ಲದಂತೆ ಮಾಡಿದ ಕೋಶಗಳಲ್ಲಿ ಅದನ್ನೂ ನೋಡಿದ್ದಾರೆ. ಡಿಡಿಬಿ2, ಎಕ್ಸ್‌ಪಿಸಿ ಎರಡೂ ಗಾಯದ ಮೇಲೇ ಕೂತುಬಿಡುತ್ತವೆ, ರಿಪೇರಿ ಕುಂಟುತ್ತದೆ, ವರ್ಣತಂತುಗಳು ಕೆಡುತ್ತವೆ. ಅಂಥ ಕೋಶದಲ್ಲಿ ಈ ರಕ್ಷಕರ ಪ್ರಮಾಣವನ್ನೇ ಇಳಿಸಿದರೆ ಹಾನಿ ತಗ್ಗುತ್ತದೆ! ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥದ ಗಾಲಿಗೆ ಮರದ ತುಂಡು ಕೊಡುವವರನ್ನು ನೋಡಿದವರು ಇದನ್ನು ಬೇಗ ಒಪ್ಪಿಯಾರು. ಕೊಟ್ಟ ತುಂಡನ್ನು ಹೊತ್ತಿಗೆ ಸರಿಯಾಗಿ ತೆಗೆಯದಿದ್ದರೆ ತೇರು ಮುಂದೆ ಹೋಗದು.

ಹಾಗೆಂದು ಡಿಡಿಬಿ2 ಬೇಡವೆನ್ನುವಂತಿಲ್ಲ. ಅದು ಹುಟ್ಟಿನಿಂದಲೇ ಕೆಟ್ಟಿರುವವರಿಗೆ ಬಿಸಿಲೇ ಶತ್ರು, ಚರ್ಮದ ಕ್ಯಾನ್ಸರ್ ಸುಲಭವಾಗಿ ಹತ್ತುತ್ತದೆ. ಬೇಕಾದಾಗ ಇರಬೇಕು, ಬೇಡವಾದಾಗ ಇರಬಾರದು. ಇಷ್ಟು ಕಟ್ಟುನಿಟ್ಟಿನ ಲೆಕ್ಕವನ್ನು ಕಣ್ಣಿಗೆ ಕಾಣದ ಕೋಶವೊಂದು ಪಾಲಿಸುತ್ತದೆ ಎಂಬುದು ನನಗೆ ಇಂದಿಗೂ ದೊಡ್ಡ ವಿಷಯ.

ಕೆಲವು ಕಿಣ್ವಗಳಿಗೆ ಹೊರಡುವ ಹೊತ್ತು ಮೊದಲೇ ಗೊತ್ತಾಗಿರುತ್ತದೆ. ಡಿಎನ್‌ಎಯಲ್ಲಿ ಇರಬಾರದ ಯುರಾಸಿಲ್ ಎಂಬ ಅಕ್ಷರವನ್ನು ಕಿತ್ತು ಹಾಕುವ ಗ್ಲೈಕೋಸಿಲೇಸ್ ಅಂಥದ್ದು. ಬ್ಯಾಕ್ಟೀರಿಯಾಗಳಲ್ಲಿ ಅದು ನಡೆಯುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಮನುಷ್ಯರ ಕೋಶಕೇಂದ್ರದಲ್ಲಿ ಅದು ಡಿಎನ್‌ಎ ನಕಲಾಗುವ ಹೊತ್ತಿಗೆ ಹೆಚ್ಚುತ್ತದೆ. ನಕಲು ಮುಗಿಯುತ್ತ ಬಂದಂತೆ ಅದರ ಮೈಮೇಲೆ ಫಾಸ್ಫೇಟುಗಳು ಒಂದೊಂದಾಗಿ ಕೂರುತ್ತವೆ, ಅವೇ ಅದರ ನಾಶಕ್ಕೆ ಸೂಚನೆ. ಮುಂದಿನ ನಕಲಿಗೆ ಕೋಶ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ.