ಓಣಿಯ ಪಂಚಾಂಗ

ಹೊಸ ಮನೆಗೆ ಹೋದವರು ಮೊದಲು ಕಲಿಯುವುದು ಜಾಗವನ್ನು. ಯಾವ ಸ್ವಿಚ್ಚು ಯಾವ ದೀಪದ್ದು, ಬಚ್ಚಲ ಬಾಗಿಲನ್ನು ಎತ್ತಿ ಹಾಕಬೇಕೋ ನೂಕಿ ಹಾಕಬೇಕೋ ಎಂಬುದೆಲ್ಲ ನಾಲ್ಕು ದಿನದಲ್ಲಿ ಕೈಗೆ ಬರುತ್ತದೆ. ತಡವಾಗಿ ಬರುವುದು ಆ ಮನೆಯ ಹೊತ್ತು. ನೀರು ಎಂದು ಬಿಡುತ್ತಾರೆ, ಕಸದ ಗಾಡಿ ಎಷ್ಟೊತ್ತಿಗೆ, ಯಾವ ತಿಂಗಳಲ್ಲಿ ಯಾವ ಕಿಟಕಿಗೆ ಬಿಸಿಲು, ಇವೆಲ್ಲ ಗೊತ್ತಾಗುವ ತನಕ ನಾವು ಅಲ್ಲಿ ಇಳಿದುಕೊಂಡಿರುತ್ತೇವೆಯೇ ಹೊರತು ಒಕ್ಕಲಾಗಿರುವುದಿಲ್ಲ. ಹಾಗಾಗಿ ಹೊಸ ಮನೆಗೆ ಬಂದವರು ಡ್ರಾಯಿಂಗ್ ಹಾಳೆ, ಫುಟ್‌ಪಟ್ಟಿ, ಪೆನ್ಸಿಲ್ ಹಿಡಿದು ತಾವೇ ಒಂದು ಕ್ಯಾಲೆಂಡರ್ ಬರೆದುಕೊಳ್ಳುವುದನ್ನು ಬರೀ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಕ್ಯಾಲೆಂಡರ್ ಎಂದರೆ ಏನು ಎಂಬ ಪ್ರಶ್ನೆಗೆ ಅಚ್ಚಿನ ಕ್ಯಾಲೆಂಡರ್ ಕೊಡದ ಉತ್ತರವನ್ನು ಈ ಹಾಳೆ ಕೊಡುತ್ತದೆ.

ನನಗೆ ಅದು ಗರಜಿಗೆ ಬಿದ್ದ ಕೆಲಸ. ಧಾರವಾಡದ ಈ ಬಾಡಿಗೆ ಮನೆಗೆ ಬಂದದ್ದು ವರ್ಷದ ನಡುವೆ. ಕಿರಾಣಿ ಅಂಗಡಿಯವರಾಗಲಿ, ಸಹಕಾರಿ ಬ್ಯಾಂಕಿನವರಾಗಲಿ ಕ್ಯಾಲೆಂಡರ್ ಹಂಚುವುದು ಜನವರಿಯ ಆಸುಪಾಸಿನಲ್ಲಿ. ಮಳೆಗಾಲದಲ್ಲಿ ಕೇಳಿದರೆ ನಗುತ್ತಾರೆ. ಹಳೆಯ ಮನೆಯಿಂದ ತಂದದ್ದು ಇತ್ತು, ಆದರೆ ಅದು ಆ ಮನೆಯದೇ ಆಗಿಹೋಗಿತ್ತು. ಅಡುಗೆಮನೆಯ ಕ್ಯಾಲೆಂಡರನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಹಾಲು ಹೆಚ್ಚಿಗೆ ತೆಗೆದುಕೊಂಡ ದಿನಕ್ಕೆ ‘½’, ಕೆಲಸದಾಕೆ ಬಾರದ ದಿನಕ್ಕೆ ಅಡ್ಡಗೆರೆ, ಸಿಲಿಂಡರ್ ಹಚ್ಚಿದ ದಿನಕ್ಕೆ ‘ಗ್ಯಾಸ್’, ಮತ್ತೆ ಯಾರೂ ಯಾರಿಗೂ ವಿವರಿಸದ ಒಂದು ಸಣ್ಣ ಸುತ್ತು. ಅಚ್ಚು ಹಾಕಿದವರು ಕೊಟ್ಟದ್ದು ಬರೀ ಚೌಕ. ಕ್ಯಾಲೆಂಡರನ್ನು ಮಾಡಿದವರು ಆ ಮನೆಯ ಹೆಂಗಸರು.

ಬರೆಯುವ ಕೆಲಸ ಸುಲಭ, ಆದರೆ ಕುತೂಹಲದ್ದು. ವರ್ಷಕ್ಕೆ 365 ದಿನ ಎಂದರೆ 52 ವಾರ ಮತ್ತು ಮೇಲೊಂದು ದಿನ. ಆ ಒಂದು ದಿನದಿಂದಾಗಿ ಹುಟ್ಟುಹಬ್ಬಗಳೆಲ್ಲ ಸಾಮಾನ್ಯವಾಗಿ ವರ್ಷಕ್ಕೆ ವಾರದ ಒಂದು ದಿನ ಮುಂದೆ ಸರಿಯುತ್ತವೆ. ಗಣಿತಜ್ಞ ಜಾನ್ ಕಾನ್ವೇ ಬಳಕೆಗೆ ತಂದ ಒಂದು ಗುಟ್ಟಿದೆ: ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12, ಈ ಐದೂ ಯಾವ ವರ್ಷದಲ್ಲಾದರೂ ಒಂದೇ ವಾರಕ್ಕೆ ಬೀಳುತ್ತವೆ. 2026ರಲ್ಲಿ ಅದು ಶನಿವಾರ. ಇಷ್ಟು ಗೊತ್ತಿದ್ದರೆ ಫೋನ್ ನೋಡದೆ ವರ್ಷ ಬರೆಯಬಹುದು. 2026ರ ಫೆಬ್ರವರಿ ಭಾನುವಾರ ಶುರುವಾಗಿ ನಾಲ್ಕೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಮುಗಿದರೆ, ಶನಿವಾರ ಶುರುವಾಗುವ ಆಗಸ್ಟ್ ಆರು ಸಾಲು ಬೇಡುತ್ತದೆ. ಅಚ್ಚಿನವರು 30, 31ನ್ನು ಎಷ್ಟೋ ಸಲ 23, 24ರ ಚೌಕದೊಳಗೇ ತುರುಕುತ್ತಾರಲ್ಲ, ಆ ಕಷ್ಟ ಫುಟ್‌ಪಟ್ಟಿ ಹಿಡಿದಾಗಲೇ ಅರ್ಥವಾಗುವುದು.

ಆಮೇಲೆ ನೀರು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ ದಿನದ 24 ಗಂಟೆ ನೀರಿನ ಪ್ರಯೋಗ ಶುರುವಾಯಿತು. ಉಳಿದ ಎಷ್ಟೋ ಓಣಿಗಳಲ್ಲಿ ಮಲಪ್ರಭೆಯ ನೀರು ಐದು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ಬರುವುದೇ ಜನರ ನಿತ್ಯದ ಲೆಕ್ಕ. ನೀರು ಬಂದ ದಿನಕ್ಕೆ ನೀಲಿ ಚುಕ್ಕೆ ಇಡುತ್ತ ಹೋದೆ. ಏಳು ಕಂಬಸಾಲಿನ ಹಾಳೆಯಲ್ಲಿ ಎಂಟು ದಿನದ ಪಾಳಿ ನೆಟ್ಟಗೆ ಇಳಿಯುವುದಿಲ್ಲ. ಪ್ರತಿ ಸಾಲಿಗೂ ಒಂದೊಂದು ಚೌಕ ಬಲಕ್ಕೆ ಸರಿಯುತ್ತ ಓರೆಯಾಗಿ ಇಳಿಯುತ್ತದೆ. ನಮ್ಮ ಓಣಿಗೆ ತನ್ನದೇ ಒಂದು ವಾರವಿದೆ, ಅದು ಎಂಟು ದಿನದ್ದು ಎಂದು ಆ ಓರೆಗೆರೆ ನೋಡಿದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದಲೇ ಹೇಳಿದರು: “ನಾಳೆ ನೀರ ಬರಂಗಿಲ್ರೀ ಸರ್, ಲೈನ್ ಒಡದೈತಿ. ನಾಡದ ಬರ್ತಾವ.” ಗೆರೆ ಅಲ್ಲಿ ಮುರಿದು ಒಂದು ಚೌಕ ಜಿಗಿಯಿತು. ಮುಂದಿನ ಚುಕ್ಕೆಗಳನ್ನೆಲ್ಲ ರಬ್ಬರಿನಿಂದ ಅಳಿಸಿ ಹೊಸದಾಗಿ ಇಡಬೇಕಾಯಿತು.

ಇದನ್ನು ಕ್ಯಾಲೆಂಡರ್ ಎನ್ನಬಹುದೇ? ಅಳಿಸುವುದು, ತಿದ್ದುವುದು, ಜಿಗಿಸುವುದು ಅಂದಾಜಿನ ಕೆಲಸ, ಕಾಲಗಣನೆ ಕರಾರುವಾಕ್ಕಾದದ್ದು ಎಂದು ಯಾರಾದರೂ ಆಕ್ಷೇಪಿಸಬಹುದು. ಅಂಥವರು ಒಂದು ಸಲ ಪಂಚಾಂಗ ತೆರೆದು ನೋಡಬೇಕು. ಒಂದು ತಿಥಿ ಕೆಲವೊಮ್ಮೆ 20 ಗಂಟೆಯೊಳಗೇ ಮುಗಿಯುತ್ತದೆ, ಕೆಲವೊಮ್ಮೆ 26 ಗಂಟೆಯ ಹತ್ತಿರಕ್ಕೆ ಹೋಗುತ್ತದೆ. ಎರಡು ಸೂರ್ಯೋದಯಗಳ ನಡುವೆ ಹುಟ್ಟಿ ಮುಗಿದರೆ ಕ್ಷಯ, ಎರಡು ಸೂರ್ಯೋದಯ ಕಂಡರೆ ವೃದ್ಧಿ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕೆ ಹನ್ನೊಂದು ದಿನ ಸಾಲ. ಆ ಸಾಲ ಬೆಳೆದಾಗ, ಹೆಚ್ಚುಕಡಿಮೆ 32-33 ತಿಂಗಳಿಗೊಮ್ಮೆ, ಒಂದು ಅಧಿಕಮಾಸ ಹಾಕಿ ತೀರಿಸುತ್ತಾರೆ. ಗ್ರೆಗೋರಿಯನ್ ಲೆಕ್ಕವೂ ತಿದ್ದುಪಡಿಯಿಂದಲೇ ಹುಟ್ಟಿದ್ದು: 1582ರಲ್ಲಿ ಅದನ್ನು ಒಪ್ಪಿದ ನಾಡುಗಳಲ್ಲಿ ಅಕ್ಟೋಬರ್ 4ರ ಮಾರನೆಯ ದಿನ 15 ಆಯಿತು. ಒಂದಕ್ಕೊಂದು ಹೊಂದದ ಎರಡು ಮೂರು ಗತಿಗಳನ್ನು ಕೂಡಿಸಿ ನಡೆಸುವುದೇ ಕ್ಯಾಲೆಂಡರಿನ ಕಸುಬು. ಅಚ್ಚಿನ ಹಾಳೆ ಆ ತೇಪೆಯನ್ನು ಮರೆಮಾಡುತ್ತದೆ, ಪೆನ್ಸಿಲ್ ಹಾಳೆಯಲ್ಲಿ ಅದು ಕಾಣುತ್ತದೆ. ವ್ಯತ್ಯಾಸ ಅಷ್ಟೇ.

ತೇಪೆ ಯಾರು ಹಾಕಬೇಕು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ತಿಂಗಳಿಗೆ ಚಂದ್ರನ ಆಧಾರವಿದೆ, ವರ್ಷಕ್ಕೆ ಸೂರ್ಯನದು. ಏಳು ದಿನದ ವಾರಕ್ಕೆ ಆಕಾಶದಲ್ಲಿ ಅಂಥ ಯಾವ ಆವರ್ತನೆಯೂ ಇಲ್ಲ. ಅದು ಜನ ಮಾಡಿಕೊಂಡ ಕಟ್ಟು. ಹಾಗಿದ್ದರೆ ಅದನ್ನು ಬದಲಿಸುವುದು ಎಲ್ಲಕ್ಕಿಂತ ಸುಲಭವಾಗಬೇಕಿತ್ತು. ಕ್ರಾಂತಿಯ ಫ್ರಾನ್ಸ್ 1793ರಲ್ಲಿ ಹತ್ತು ದಿನದ ವಾರ ತಂದಿತು. ದಶಮಾನ ಪದ್ಧತಿಗೆ ಒಪ್ಪುವ, ತರ್ಕಕ್ಕೆ ಸೊಗಸಾದ ಏರ್ಪಾಡು. ಆದರೆ ಬಿಡುವು ಏಳು ದಿನಕ್ಕೊಮ್ಮೆ ಇದ್ದದ್ದು ಹತ್ತು ದಿನಕ್ಕೊಮ್ಮೆ ಆಯಿತು. 1806ರ ಜನವರಿ 1ರಿಂದ ನೆಪೋಲಿಯನ್ ಆ ಕ್ಯಾಲೆಂಡರನ್ನೇ ಕೈಬಿಟ್ಟ. ಸೋವಿಯತ್ ಒಕ್ಕೂಟ 1929ರಲ್ಲಿ ಇನ್ನೂ ಮುಂದೆ ಹೋಯಿತು. ಯಂತ್ರಗಳು ನಿಲ್ಲಬಾರದೆಂದು ಐದು ದಿನದ ವಾರ ಮಾಡಿ, ಕೆಲಸಗಾರರನ್ನು ಐದು ಗುಂಪಾಗಿಸಿ, ಒಂದೊಂದು ಗುಂಪಿಗೆ ಒಂದೊಂದು ದಿನ ರಜೆ ಕೊಟ್ಟಿತು. ಲೆಕ್ಕದ ಪ್ರಕಾರ ಕಾರ್ಮಿಕರಿಗೆ ಲಾಭವೇ: ಏಳಕ್ಕೊಂದು ಇದ್ದ ರಜೆ ಐದಕ್ಕೊಂದಾಯಿತು. ಆದರೆ ಗಂಡನ ಗುಂಪು ಬೇರೆ, ಹೆಂಡತಿಯದು ಬೇರೆ. ಜೊತೆಗೆ ಕೂತು ಉಣ್ಣುವವರಿಲ್ಲದ ಆ ರಜೆಯ ಬಗ್ಗೆ ಜನ ಗೊಣಗಿದರು. 1940ಕ್ಕೆ ಏಳು ದಿನದ ವಾರ, ಭಾನುವಾರದ ಬಿಡುವು ಎರಡೂ ಮರಳಿದವು. ಕೂಡಿ ಆಚರಿಸಲಾಗದ ದಿನವನ್ನು ಸರ್ಕಾರ ಎಷ್ಟೇ ಹಂಚಿದರೂ ಜನ ಅದನ್ನು ದಿನವೆಂದು ಒಪ್ಪಲಿಲ್ಲ.

ನಮ್ಮಲ್ಲೇ ಇನ್ನೂ ಸೂಕ್ಷ್ಮವಾದ ಉದಾಹರಣೆಯಿದೆ. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಸಮಿತಿ ದೇಶದಲ್ಲಿ ಮೂವತ್ತರಷ್ಟು ಬಗೆಯ ಕ್ಯಾಲೆಂಡರುಗಳು ಬಳಕೆಯಲ್ಲಿರುವುದನ್ನು ಕಂಡು, ಎಲ್ಲರಿಗೂ ಒಂದೇ ಆಗುವ ಲೆಕ್ಕವನ್ನು ಕೊಟ್ಟಿತು. 1957ರ ಮಾರ್ಚ್ 22ಕ್ಕೆ ಶಕವರ್ಷ 1879ರ ಚೈತ್ರ 1 ಎಂದು ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ಸಹಾ ಹೇಳಿದ್ದು ಸುಳ್ಳಲ್ಲ: ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14-15ಕ್ಕೆ. ಆಕಾಶದ ಮಟ್ಟಿಗೆ ಅವರೇ ಸರಿ. ಆದರೂ ಇವತ್ತು ರಾಷ್ಟ್ರೀಯ ಕ್ಯಾಲೆಂಡರಿನ ತಾರೀಖು ಎಷ್ಟು ಎಂದು ಕೇಳಿದರೆ ಓಣಿಯಲ್ಲಿ ಯಾರೂ ಹೇಳಲಾರರು. ಕಾರ ಹುಣ್ಣಿಮೆ ಯಾವತ್ತು, ಮಣ್ಣೆತ್ತಿನ ಅಮಾವಾಸ್ಯೆ ಯಾವತ್ತು ಎಂದರೆ ಮಕ್ಕಳೂ ಹೇಳುತ್ತಾರೆ. ಇದನ್ನು ಅಜ್ಞಾನ ಎಂದು ನಾನು ಕರೆಯಲಾರೆ, ಜನರದ್ದೇ ಸರಿ ಎಂದು ಪೂರ್ತಿ ಒಪ್ಪಲೂ ಆರೆ. ಕ್ಯಾಲೆಂಡರಿಗೆ ಎರಡು ಕಡೆ ಬಾಧ್ಯತೆ ಇದೆ, ಆಕಾಶಕ್ಕೂ ಅಕ್ಕಪಕ್ಕದವರಿಗೂ. ಎರಡರಲ್ಲಿ ಜಗಳ ಬಂದಾಗ ಗೆಲ್ಲುವುದು ಸಾಮಾನ್ಯವಾಗಿ ಅಕ್ಕಪಕ್ಕದವರು.

ಹಾಗಾದರೆ ಒಬ್ಬನೇ ಕೂತು ಬರೆದ ಕ್ಯಾಲೆಂಡರಿಗೆ ಏನು ಬೆಲೆ? ಡೇನಿಯಲ್ ಡಿಫೋನ ಕಾದಂಬರಿಯ ರಾಬಿನ್ಸನ್ ಕ್ರೂಸೋ ಇಲ್ಲಿ ನೆನಪಾಗುತ್ತಾನೆ. ನಿರ್ಜನ ದ್ವೀಪದಲ್ಲಿ ಕಂಬ ನೆಟ್ಟು, ದಿನಕ್ಕೊಂದು ಗೀರು ಹಾಕುತ್ತಾನೆ. ಪ್ರತಿ ಏಳನೆಯ ಗೀರನ್ನು ಉದ್ದ ಮಾಡುತ್ತಾನೆ. ಅಲ್ಲಿ ಭಾನುವಾರವನ್ನು ಕೂಡಿ ಆಚರಿಸಲು ಯಾರೂ ಇರಲಿಲ್ಲ. ಆದರೂ ಊರಿನವರು ಎಣಿಸುತ್ತಿರುವುದನ್ನೇ ತಾನೂ ಎಣಿಸಬೇಕೆಂಬ ಹಟ ಅವನಿಗಿತ್ತು. ಕೈಬರಹದ ಕ್ಯಾಲೆಂಡರ್ ಖಾಸಗಿ ಕಾಲವನ್ನು ಹುಟ್ಟಿಸುತ್ತದೆ ಎಂಬುದು ಬರೀ ಭ್ರಮೆ. ನನ್ನ ಹಾಳೆಯ ಓರೆಗೆರೆ ಓರೆಯಾಗಿ ಕಾಣುವುದೇ ಎಲ್ಲರಿಗೂ ಸೇರಿದ ಏಳು ಕಂಬಸಾಲು ಅಡಿಯಲ್ಲಿ ನೆಟ್ಟಗಿರುವುದರಿಂದ. ಆ ಗೆರೆಯ ಮೇಲಿನ ತಿದ್ದುಪಡಿಗಳಲ್ಲಿ ಅರ್ಧ ಅಜ್ಜಿಯವು. ನೀರಿನ ಪಾಳಿ ಕೇಳಲೆಂದೇ ಅವರನ್ನು ಮಾತಾಡಿಸಿದ್ದು. ಮಾತು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಬೇರೆ ಸಂಗತಿ.

ಫೋನಿನಲ್ಲೂ ಇದನ್ನೆಲ್ಲ ಬರೆದಿಡಬಹುದು, ನಿಜ. ಆದರೆ ಫೋನ್ ನೆನಪಿಸುವುದು ಒಬ್ಬರಿಗೆ. ಗೋಡೆಯ ಹಾಳೆಯನ್ನು ಮನೆಗೆ ಬಂದವರೆಲ್ಲ ಓದುತ್ತಾರೆ, ಕೆಲವರು ಕೇಳದೆಯೇ ತಿದ್ದುತ್ತಾರೆ. ಇನ್ನೊಂದು ಕಾರಣ ಬಿಸಿಲಿನದು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದ ತನಕ ನಡುಮಧ್ಯಾಹ್ನದ ಸೂರ್ಯ ಧಾರವಾಡದ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ಆ ಹೊತ್ತಿಗೆ ನೆರಳಲ್ಲಿರುವ ಉತ್ತರದ ಗೋಡೆಗೆ ಆಗ ಬಿಸಿಲು ತಾಗುತ್ತದೆ, ಮೋಡ ಬಿಟ್ಟುಕೊಟ್ಟರೆ. ಸೂರ್ಯೋದಯದ ಗಳಿಗೆಯನ್ನು ಪಂಚಾಂಗವೂ ಹೇಳುತ್ತದೆ, ಫೋನೂ ಹೇಳುತ್ತದೆ. ಹಪ್ಪಳ ಒಣಹಾಕಲು ಯಾವ ಗೋಡೆಯ ಬದಿ ಎಂಬುದನ್ನು ಮಾತ್ರ ಅಲ್ಲೇ ಇದ್ದು ಬರೆದುಕೊಳ್ಳಬೇಕು.

ಬಾಡಿಗೆ ಮನೆಯ ವರ್ಷಕ್ಕೆ ಹನ್ನೊಂದೇ ತಿಂಗಳು. 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡವೆಂದು ಕರಾರು ಹನ್ನೊಂದಕ್ಕೇ ನಿಲ್ಲುತ್ತದೆ. ಚಾಂದ್ರವರ್ಷ ಹನ್ನೊಂದು ದಿನ ಹಿಂದೆ ಬಿದ್ದರೆ ಬಾಡಿಗೆ ವರ್ಷ ಇಡೀ ತಿಂಗಳು ಹಿಂದೆ ಬೀಳುತ್ತದೆ, ಸರಿಪಡಿಸಲು ಅಧಿಕಮಾಸವೂ ಇಲ್ಲ. ಆದ್ದರಿಂದ ಈ ಹಾಳೆ ಒಂದು ದಿನ ಗೋಡೆಯಿಂದ ಇಳಿಯುವುದು ಖಂಡಿತ. ಆಗ ಹಾಲಿನ ಲೆಕ್ಕ, ಕೆಲಸದಾಕೆಯ ರಜೆ, ಆ ಸಣ್ಣ ಸುತ್ತು ನಮ್ಮೊಂದಿಗೆ ಹೋಗಬೇಕು. ನೀರಿನ ಓರೆಗೆರೆಯನ್ನೂ ಬಿಸಿಲಿನ ಗುರುತನ್ನೂ ಬೇರೊಂದು ಹಾಳೆಗೆ ಇಳಿಸಿ ಮುಂದೆ ಬರುವವರಿಗೆ ಬಿಟ್ಟುಹೋಗುವುದು ನ್ಯಾಯ. ಬಿಸಿಲನ್ನು ಪೆನ್ನಿನಲ್ಲಿ ಬರೆಯಬಹುದು. ನೀರನ್ನು ಪೆನ್ಸಿಲಿನಲ್ಲೇ ಬರೆದು, ಎದುರು ಮನೆಯ ಅಜ್ಜಿಯನ್ನು ಕೇಳಿ ಎಂದು ಕೆಳಗೆ ಒಂದು ಸಾಲು ಸೇರಿಸಬೇಕು.