ಸಲ್ಲಬೇಕಾದ ಹಣಕ್ಕೆ ಸನ್ಮಾನ ಯಾರಿಗೆ?

ಐರೋಪ್ಯ ಆಯೋಗ 2008ರಿಂದ ‘ರೆಜಿಯೊಸ್ಟಾರ್ಸ್’ ಎಂಬ ಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆದ ಪ್ರಾದೇಶಿಕ ಅಭಿವೃದ್ಧಿ ಯೋಜನೆಗಳು ಅರ್ಜಿ ಹಾಕಿಕೊಳ್ಳುತ್ತವೆ. ಅವುಗಳಲ್ಲಿ ಮೇಲಾದುವನ್ನು ಸ್ವತಂತ್ರ ತಜ್ಞರ ಮಂಡಳಿ ಆರಿಸುತ್ತದೆ. ಸಾರ್ವಜನಿಕರು ಆನ್‌ಲೈನ್‌ನಲ್ಲಿ ಮತ ಹಾಕಿ ಗೆಲ್ಲಿಸುವ ಪ್ರಶಸ್ತಿಯೂ ಒಂದಿದೆ. ಇದರ ಹಿಂದಿರುವ ಮೊತ್ತ ಸಣ್ಣದಲ್ಲ. 2021–27ರ ಅವಧಿಗೆ ಪ್ರದೇಶಗಳ ನಡುವಿನ ಅಂತರ ತಗ್ಗಿಸಲೆಂದು ಸುಮಾರು 39,200 ಕೋಟಿ ಯೂರೋ ತೆಗೆದಿರಿಸಲಾಗಿದೆ. ಅದು ಒಕ್ಕೂಟದ ಬಜೆಟ್ಟಿನ ಮೂರನೇ ಒಂದು ಭಾಗದ ಆಸುಪಾಸು. ಜನರ ತೆರಿಗೆಯಿಂದ ಆದ ಕೆಲಸಕ್ಕೆ ಆ ತೆರಿಗೆಯನ್ನು ಹಂಚಿದ ಸಂಸ್ಥೆಯೇ ಪ್ರಶಸ್ತಿ ಕೊಟ್ಟರೆ ಯಾರು ಯಾರನ್ನು ಗೌರವಿಸಿದಂತಾಯಿತು? ಆಡಳಿತದ ಪ್ರಶ್ನೆಯಂತೆ ಕಂಡರೂ ಇದರ ಬೇರು ನೀತಿಶಾಸ್ತ್ರದಲ್ಲಿದೆ. ಕೊಡುವುದು ಕರ್ತವ್ಯವಾದಲ್ಲಿ ಕೊಟ್ಟವರಿಗೆ ಹೊಗಳಿಕೆ ಸಲ್ಲುತ್ತದೆಯೇ ಎಂಬುದು ಇದರ ಮೊದಲರ್ಧ. ಸಲ್ಲದಿದ್ದರೆ ಮತ್ತಾರಿಗೆ ಎಂಬುದು ಉಳಿದರ್ಧ.

ಸಾರ್ವಜನಿಕ ಕೆಲಸಕ್ಕೆ ಹಣ ಕೊಟ್ಟವರ ಹೆಸರು ಕೆತ್ತಿಸುವುದು ಯೂರೋಪಿನಲ್ಲಿ ಹಳೆಯ ರೂಢಿ. ಅಥೆನ್ಸಿನಲ್ಲಿ ಕ್ರಿ.ಪೂ. 335–334ರ ಲೈಸಿಕ್ರಟೀಸನ ಸ್ಮಾರಕ ಇಂದಿಗೂ ನಿಂತಿದೆ. ಉತ್ಸವದಲ್ಲಿ ಹಾಡಿದ ಬಾಲಕರ ಮೇಳದ ಖರ್ಚನ್ನು ವಹಿಸಿಕೊಂಡು ಗೆದ್ದ ಸಿರಿವಂತ ಆತ. ಅದರ ಶಾಸನದಲ್ಲಿ ಅವನ ಹೆಸರಿನ ಜೊತೆಗೆ ಕೊಳಲು ನುಡಿಸಿದವನ ಹೆಸರಿದೆ, ಮೇಳವನ್ನು ತಾಲೀಮು ಮಾಡಿಸಿದವನ ಹೆಸರೂ ಇದೆ. ಲೈಸಿಕ್ರಟೀಸ್ ತನ್ನ ಗಂಟಿನಿಂದ ಕೊಟ್ಟಿದ್ದರಿಂದ ಕೀರ್ತಿ ಕೇಳಲು ಅವನಿಗೆ ಒಂದು ನೆಲೆಯಿತ್ತು. ಐರೋಪ್ಯ ಆಯೋಗಕ್ಕೆ ಆ ನೆಲೆಯಿಲ್ಲ. ಪ್ರದೇಶಗಳ ನಡುವಿನ ಅಂತರ ಕಡಿಮೆ ಮಾಡುವುದು ಒಕ್ಕೂಟದ ಒಪ್ಪಂದದ 174ನೇ ವಿಧಿ ಹೊರಿಸಿದ ಹೊಣೆ. ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕೆಳಗಿರುವ ಪ್ರದೇಶವನ್ನು ಹಿಂದುಳಿದದ್ದೆಂದು ಎಣಿಸಿ, ಯೋಜನಾ ವೆಚ್ಚದಲ್ಲಿ ಶೇ. 85ರವರೆಗೆ ಭರಿಸಲು ನಿಯಮವಿದೆ. ಇದು ದಾನವಲ್ಲ, ಸಲ್ಲಬೇಕಾದ ಪಾಲು. ಹನ್ನೆರಡನೇ ಶತಮಾನದಲ್ಲಿ ಕೊರ್ಡೊಬಾದಲ್ಲಿ ಹುಟ್ಟಿದ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ ದಾನವನ್ನೇ ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದಾಗ, ಪಡೆದವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದನ್ನು ತುದಿಯಲ್ಲಿಟ್ಟ. ಕೊಟ್ಟವರು ಪಡೆದವರು ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ನಡೆಯುವ ದಾನವನ್ನು ಅದರ ಕೆಳಗಿನ ಮೆಟ್ಟಿಲಲ್ಲಿಟ್ಟ. ದಾನದಲ್ಲೇ ದಾನಿ ಇಷ್ಟು ಹಿಂದೆ ಸರಿಯಬೇಕಾದರೆ, ಸಾಲ ತೀರಿಸುವವನಿಗೆ ಮೆರವಣಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಪ್ರಶಸ್ತಿಯ ಬೆಳಕು ಹಣ ಹಂಚಿದವರ ಮೇಲೆ ಬಿದ್ದಷ್ಟೂ ಅದು ದಾರಿ ತಪ್ಪಿದಂತೆ.

ಆದರೆ ಹಣ ಹಕ್ಕಿನದಾದರೂ ಅದರಿಂದ ಒಳ್ಳೆಯ ಕೆಲಸ ತಾನಾಗಿ ಹುಟ್ಟುವುದಿಲ್ಲ. ಪೈರಿನೀಸ್ ಬೆಟ್ಟಗಳ ಸೆರ್ದಾನ್ಯಾ ಕಣಿವೆಯನ್ನು 1659ರ ಒಪ್ಪಂದ ಸ್ಪೇನ್ ಮತ್ತು ಫ್ರಾನ್ಸ್ ನಡುವೆ ಸೀಳಿತು. ಫ್ರಾನ್ಸಿನ ಕಡೆಯವರಿಗೆ ದೊಡ್ಡಾಸ್ಪತ್ರೆ ಬೇಕಾದರೆ ಬೆಟ್ಟದ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಪೆರ್ಪಿನ್ಯಾಂಗೆ ಹೋಗಬೇಕಿತ್ತು. 2014ರಲ್ಲಿ ಸ್ಪೇನಿನ ಪುಚ್‌ಸೆರ್ದಾದಲ್ಲಿ ಎರಡೂ ದೇಶದವರಿಗಾಗಿ ಒಂದೇ ಆಸ್ಪತ್ರೆ ತೆರೆಯಿತು. ಕಟ್ಟಡದ ವೆಚ್ಚದಲ್ಲಿ ಶೇ. 60ರಷ್ಟು ಐರೋಪ್ಯ ಪ್ರಾದೇಶಿಕ ಅಭಿವೃದ್ಧಿ ನಿಧಿಯಿಂದ ಬಂತು. ಗೋಡೆ ಎಬ್ಬಿಸಲು ಹಣ ಸಾಕು. ಎರಡು ದೇಶಗಳ ಆರೋಗ್ಯ ವಿಮೆಯನ್ನು ಹೊಂದಿಸುವುದು, ಎರಡು ಪದ್ಧತಿಗಳಲ್ಲಿ ಕಲಿತ ವೈದ್ಯರನ್ನು ಒಂದೇ ವಾರ್ಡಿನಲ್ಲಿ ದುಡಿಸುವುದು, ಗಡಿಯಾಚೆ ಹುಟ್ಟಿದ ಮಗುವಿನ ನೋಂದಣಿ, ಅಲ್ಲಿ ತೀರಿಕೊಂಡವರ ದೇಹವನ್ನು ಊರಿಗೆ ತರುವ ಕಾಗದಪತ್ರ ಇವೆಲ್ಲ ಹಣದಿಂದ ಬಗೆಹರಿಯುವ ತೊಡಕುಗಳಲ್ಲ. ಇವುಗಳ ಹಿಂದೆ ಬಿದ್ದು, ಕಚೇರಿಯಿಂದ ಕಚೇರಿಗೆ ಅಲೆದು ದಾರಿ ಮಾಡಿದವರ ತಾಳ್ಮೆಯನ್ನೂ ಜಾಣ್ಮೆಯನ್ನೂ ಯಾವ ಒಪ್ಪಂದದ ವಿಧಿಯೂ ಅವರಿಂದ ಕಡ್ಡಾಯವಾಗಿ ಕೇಳಲಾರದು. ನಿಯಮ ಕೇಳಿದ್ದಕ್ಕಿಂತ ಹೆಚ್ಚಾಗಿ ಅವರು ಕೊಟ್ಟದ್ದಕ್ಕೆ ಸನ್ಮಾನ ಸಲ್ಲುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ನಿಷ್ಕಾಮ ಕರ್ಮವನ್ನು ಮೆಚ್ಚುವ ನಾವು ಕರ್ತವ್ಯಕ್ಕೆ ಪದಕದ ಆಸೆ ತೋರಿಸಿದರೆ ಅದರ ಶುದ್ಧಿ ಕೆಡುವುದಿಲ್ಲವೇ? ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವನಾದ ಇಮ್ಯಾನ್ಯುಯೆಲ್ ಕಾಂಟ್‌ನಲ್ಲೇ ಇದಕ್ಕೆ ಉತ್ತರವಿದೆ. 1785ರ ನೀತಿಗ್ರಂಥದಲ್ಲಿ ಅವನು ಗೌರವದಾಸೆಯಿಂದ ಮಾಡಿದ ಸತ್ಕಾರ್ಯವನ್ನು ತಳ್ಳಿಹಾಕಲಿಲ್ಲ. ಅದು ಲೋಕಹಿತಕ್ಕೆ ಹೊಂದಿಬಂದಾಗ ಹೊಗಳಿಕೆಗೂ ಪ್ರೋತ್ಸಾಹಕ್ಕೂ ತಕ್ಕದ್ದು, ಆದರೆ ಕರ್ತವ್ಯಪ್ರಜ್ಞೆಗೆ ಮೀಸಲಾದ ನೈತಿಕ ಆದರಕ್ಕೆ ಅಲ್ಲ ಎಂದು ಬೇರ್ಪಡಿಸಿದ. ಪ್ರಶಸ್ತಿಗೆ ಇಷ್ಟು ಜಾಗ ಸಾಕು. ಮಾಡಿದವರ ಅಂತರಂಗವನ್ನು ತೂಗುವ ಕೆಲಸ ತೀರ್ಪುಗಾರರದಲ್ಲ. ಕೆಲಸ ನೆಟ್ಟಗಿದೆಯೇ ಎಂಬುದಷ್ಟೇ ಅವರ ವಿಚಾರ. ನಿಷ್ಕಾಮವೆಂಬುದು ಕರ್ತೃ ತನಗೆ ಹಾಕಿಕೊಳ್ಳುವ ಕಟ್ಟಳೆ. ಅದನ್ನು ನೆಪ ಮಾಡಿಕೊಂಡು ನೋಡುವವರು ಒಳ್ಳೆಯ ಮಾತೊಂದನ್ನು ನುಂಗಿಕೊಂಡರೆ ಅದು ವೈರಾಗ್ಯವಾಗದು, ಬರಿಯ ಜಿಪುಣತನ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅರಿಸ್ಟಾಟಲನದು. ನಗರಕ್ಕೆ ಹಿತವಾದುದನ್ನು ಕಂಡುಹಿಡಿದವರಿಗೆ ಗೌರವ ಕೊಡುವ ಕಾನೂನು ಬೇಕೆಂದು ಮಿಲೇಟಸಿನ ಹಿಪ್ಪೊಡೇಮಸ್ ಸೂಚಿಸಿದ್ದ. ಕೇಳಲು ಇಂಪಾದರೂ ಇದು ಅಪಾಯಕಾರಿ ಎಂದ ಅರಿಸ್ಟಾಟಲ್: ಗೌರವದ ಆಸೆಗೆ ಜನ ಲೋಕಹಿತದ ಹೆಸರಲ್ಲಿ ವ್ಯವಸ್ಥೆಯನ್ನೇ ಕದಲಿಸಬಹುದು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಹೊಸತನಕ್ಕೆ ಬಹುಮಾನವಿದ್ದಲ್ಲಿ ಹೊಸತಾಗಿ ಕಾಣುವ ಯೋಜನೆಗಳೇ ಹೆಚ್ಚುತ್ತವೆ. ಈ ಭಯ ಸುಳ್ಳಲ್ಲ. ಹೊಳೆಯುವುದಕ್ಕೂ ಬಾಳುವುದಕ್ಕೂ ಎಷ್ಟು ದೂರವೆಂದು ಐರೋಪ್ಯ ಲೆಕ್ಕಪರಿಶೋಧಕರ ನ್ಯಾಯಾಲಯ ತೋರಿಸಿಕೊಟ್ಟಿದೆ. ಒಕ್ಕೂಟದ ಹಣ ಪಡೆದ ಐದು ದೇಶಗಳ 20 ವಿಮಾನ ನಿಲ್ದಾಣಗಳನ್ನು ಪರಿಶೀಲಿಸಿ, ಖರ್ಚಿಗೆ ತಕ್ಕ ಫಲ ಬಂದಿಲ್ಲವೆಂದು ಅದು 2014ರಲ್ಲಿ ವರದಿ ಕೊಟ್ಟಿತು. ಗ್ರೀಸಿನ ಕಾಸ್ತೋರಿಯಾ ನಿಲ್ದಾಣಕ್ಕೆ 2005ರಿಂದ 2012ರವರೆಗೆ ಬಂದ ಆದಾಯ 1.76 ಲಕ್ಷ ಯೂರೋ. ಅದನ್ನು ತೆರೆದಿಡಲು ತಗುಲಿದ್ದು 77 ಲಕ್ಷ ಯೂರೋ. ಯಾವ ಬಗೆಯ ವಿಮಾನಕ್ಕೆಂದು ರನ್‌ವೇ ಉದ್ದ ಮಾಡಿದರೋ ಆ ವಿಮಾನ ಅಲ್ಲಿ ಇಳಿದೇ ಇರಲಿಲ್ಲ. ಉದ್ಘಾಟನೆಯ ದಿನದ ಫೋಟೋದಲ್ಲಿ ಈ ಲೆಕ್ಕ ಕಾಣಿಸುವುದಿಲ್ಲ. ಹಾಗೆಂದು ಪ್ರಶಸ್ತಿಯೇ ಬೇಡವೆನ್ನಬೇಕಾಗಿಲ್ಲ. ಲೆಕ್ಕಪರಿಶೋಧನೆ ಎಡವಿದ್ದನ್ನು ಎತ್ತಿ ತೋರಿಸುತ್ತದೆ. ಹೇಗೆ ಮಾಡಬೇಕೆಂಬ ಮಾದರಿ ಅದರಿಂದ ಸಿಗುವುದು ಕಡಿಮೆ. ಅರಿಸ್ಟಾಟಲ್ ಹೆದರಿದ್ದು ಅವಸರದ ಗೌರವಕ್ಕಾದರೆ, ಮದ್ದು ಕಾಯುವುದರಲ್ಲಿದೆ.

ಕೊಡುವವರೇ ತೀರ್ಪುಗಾರರನ್ನೂ ನೇಮಿಸುತ್ತಾರಲ್ಲ ಎಂಬ ಮಾತು ಉಳಿಯುತ್ತದೆ. ತಜ್ಞರು ಸ್ವತಂತ್ರರಾಗಿದ್ದರೂ ಅವರ ಮುಂದೆ ಬರುವುದು ಅರ್ಜಿ ಹಾಕಿಕೊಂಡವರ ಕಥೆ ಮಾತ್ರ. ಸಾರ್ವಜನಿಕ ಮತದಾನ ಅಳೆಯುವುದು ಬೆಂಬಲಿಗರನ್ನು ಕಲೆಹಾಕುವ ಶಕ್ತಿಯನ್ನು. ಒಳ್ಳೆಯ ಕೆಲಸ ಮಾಡಿಯೂ ಸದ್ದು ಮಾಡಲು ಬಾರದ ಕುಗ್ರಾಮ ಅಲ್ಲಿ ಹಿಂದೆ ಬೀಳುತ್ತದೆ. ಈ ದೋಷವನ್ನು ಪೂರ್ತಿ ನೀಗಿಸುವ ಸಾಕ್ಷಿ ಒಂದೇ, ಅದು ಕಾಲ. ಒಕ್ಕೂಟದ ಕಾನೂನಿಗೂ ಇದು ಗೊತ್ತಿದೆ. ಮೂಲಸೌಕರ್ಯಕ್ಕೆ ಕೊನೆಯ ಕಂತು ಸಂದ ಮೇಲೂ ಸಾಮಾನ್ಯವಾಗಿ ಐದು ವರ್ಷ ಅದು ತನ್ನ ಉದ್ದೇಶ ಬಿಡದೆ ಉಳಿಯಬೇಕು, ಇಲ್ಲವಾದರೆ ಹಣ ಹಿಂದಿರುಗಿಸಬೇಕು ಎಂಬ ನಿಯಮವಿದೆ. ಹಣಕ್ಕೆ ಹಾಕಿದ ಈ ಷರತ್ತನ್ನು ಗೌರವಕ್ಕೂ ಹಾಕಬೇಕು. ಐದು ವರ್ಷ ಕಳೆದ ಮೇಲೆ ಆಯ್ಕೆ ನಡೆಯಲಿ. ಬಳಸುವವರ ಮಾತು ಕೇಳಿಸಿಕೊಳ್ಳಲಿ. ಕಟ್ಟಿದವರ, ನಡೆಸುತ್ತಿರುವವರ ಹೆಸರು ಮೊದಲು ಬರಲಿ. ಹಾಗಾದರೆ ಪ್ರಶಸ್ತಿ ಆಯೋಗದ ಆತ್ಮಪ್ರಶಂಸೆ ಎನಿಸುವುದಿಲ್ಲ. ತನ್ನ ದುಡ್ಡು ಏನಾಯಿತೆಂದು ಕೇಳುವ ತೆರಿಗೆದಾರನಿಗೂ, ತನ್ನ ಊರಿನಲ್ಲಿ ಇಂಥದ್ದು ಆಗಬಲ್ಲದೇ ಎಂದು ಯೋಚಿಸುವ ಇನ್ನೊಂದು ಪ್ರದೇಶಕ್ಕೂ ಅದರಲ್ಲಿ ನಂಬುವಂಥ ಉತ್ತರ ಸಿಗುತ್ತದೆ.