ನೆಲೆ ತಪ್ಪಿದವರು ಯಾರ ಅತಿಥಿಗಳು?

ಮನೆಯೆಂದರೆ ನಾಲ್ಕು ಗೋಡೆ, ಒಂದು ಸೂರು ಮಾತ್ರವಲ್ಲ. ಮಗುವಿಗೆ ಅದು ಮೊದಲ ಪಾಠಶಾಲೆ. ವೃದ್ಧರಿಗೆ ಕೊನೆಯ ಆಸರೆ. ಭಕ್ತನಿಗೆ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ಎಡೆ. ಇಂಥ ಮನೆಯನ್ನು ಕಳೆದುಕೊಂಡು ಒಂದು ಕುಟುಂಬ ಬೀದಿಯಲ್ಲಿ ನಿಂತಾಗ ಅದರ ಹೊಣೆ ಯಾರದು? ಸರ್ಕಾರದ್ದೇ, ಬಂಧುಗಳದ್ದೇ, ಅದೇ ಮತದವರದ್ದೇ? ಸದ್ಭಕ್ತರಾದ ನೀವು ಈ ಪ್ರಶ್ನೆಯನ್ನು ಸ್ವಲ್ಪ ಆಲೋಚಿಸಬೇಕು.

ಸಿರಿವಂತ ರಾಷ್ಟ್ರವೆನಿಸಿದ ಅಮೆರಿಕೆಯೂ ಈ ಪ್ರಶ್ನೆಯಿಂದ ಪಾರಾಗಿಲ್ಲ. 2024ರ ಜನವರಿಯ ಒಂದು ರಾತ್ರಿ ಅಲ್ಲಿ ನಡೆದ ಗಣತಿಯಲ್ಲಿ ಮನೆಯಿಲ್ಲದವರ ಸಂಖ್ಯೆ 7,71,480. ಅವರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕವರು ಮಕ್ಕಳಿರುವ ಕುಟುಂಬಗಳಿಗೆ ಸೇರಿದವರು. ಏರುತ್ತಿರುವ ಬಾಡಿಗೆ, ಕೈತಪ್ಪಿದ ಕೆಲಸ, ಕಾಯಿಲೆಯ ಖರ್ಚು—ಇವುಗಳಲ್ಲಿ ಒಂದೇ ಸಾಕು, ದುಡಿದು ಉಣ್ಣುತ್ತಿದ್ದ ಸಂಸಾರ ಹೊರಬೀಳಲು. ಆಶ್ರಯಧಾಮಗಳುಂಟು; ಆದರೆ ಹಲವು ಕಡೆ ತಾಯಿಗೆ ಎಡೆ ದೊರೆತರೆ ತಂದೆಗೂ ಪ್ರಾಯಕ್ಕೆ ಬಂದ ಮಗನಿಗೂ ದೊರೆಯದು. ಸೂರಿಗಾಗಿ ಸಂಸಾರವೇ ಒಡೆಯುತ್ತದೆ.

ಇದನ್ನು ಕಂಡು ಮರುಗಿದವರಲ್ಲಿ ಕ್ಯಾರೆನ್ ಓಲ್ಸನ್ ಎಂಬ ಮಹಿಳೆ ಒಬ್ಬರು. ನ್ಯೂಯಾರ್ಕಿನ ಬೀದಿಯಲ್ಲಿ ನೆಲೆಯಿಲ್ಲದ ಮುದುಕಿಯೊಬ್ಬಳಿಗೆ ತಿನ್ನಲು ಕೊಟ್ಟು ಮಾತನಾಡಿಸಿದ್ದು ಅವರ ಬಾಳಿನ ದಾರಿಯನ್ನೇ ಬದಲಿಸಿತು. ತಮ್ಮ ನ್ಯೂಜೆರ್ಸಿಯಲ್ಲಿಯೂ ಮನೆಯಿಲ್ಲದ ಕುಟುಂಬಗಳಿವೆಯೆಂದು ತಿಳಿದಾಗ ಅವರು ಅಲ್ಲಿನ ಧರ್ಮಸಂಸ್ಥೆಗಳ ಬಾಗಿಲು ತಟ್ಟಿದರು. ಹನ್ನೊಂದು ಸಂಸ್ಥೆಗಳು ಮುಂದೆ ಬಂದವು. 1986ರಲ್ಲಿ ಕಾರ್ಯ ಆರಂಭವಾಯಿತು. ಊರಿಂದೂರಿಗೆ ಹಬ್ಬಿದ ಆ ಸಂಘಟನೆಗೆ ಇಂದು ‘ಫ್ಯಾಮಿಲಿ ಪ್ರಾಮಿಸ್’ ಎಂದು ಹೆಸರು.

ಅದರ ಮೂಲಕ್ರಮ ಬಹು ಸರಳವಾದುದು. ಚರ್ಚು, ಯಹೂದ್ಯರ ಸಿನಗಾಗ್, ಮಸೀದಿಗಳು ಒಂದೊಂದು ವಾರದ ಸರದಿಯನ್ನು ವಹಿಸಿಕೊಳ್ಳುತ್ತವೆ. ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವ ಕೋಣೆಯೇ ರಾತ್ರಿ ಒಂದು ಕುಟುಂಬದ ಮಲಗುವ ಕೋಣೆ. ಒಂದು ಸರದಿಯಲ್ಲಿ ಮೂರರಿಂದ ಐದು ಕುಟುಂಬಗಳು. ಭಕ್ತರು ಮನೆಯಿಂದ ಅಡಿಗೆ ಮಾಡಿ ತರುತ್ತಾರೆ. ಬಡಿಸಿ ದೂರ ನಿಲ್ಲದೆ ಅವರೊಡನೆ ಕುಳಿತು ಉಣ್ಣುತ್ತಾರೆ. ಇಬ್ಬರು ಮೂವರು ರಾತ್ರಿ ಅಲ್ಲಿಯೇ ಮಲಗುತ್ತಾರೆ. ಹಗಲಿನಲ್ಲಿ ಮಕ್ಕಳು ಶಾಲೆಗೆ, ಹಿರಿಯರು ಕೆಲಸಕ್ಕೆ ಅಥವಾ ಕೆಲಸ ಹುಡುಕಲು ಹೋಗುತ್ತಾರೆ. ಬಾಡಿಗೆ ಮನೆ ಅರಸಲು ನೆರವಾಗುವವರೂ ಇರುತ್ತಾರೆ. ಬಂದವರನ್ನು ನಿರಾಶ್ರಿತರೆನ್ನದೆ ಅತಿಥಿಗಳೆಂದೇ ಕರೆಯುತ್ತಾರೆ. ನಿಮ್ಮ ದೇವರು ಯಾರೆಂದು ಕೇಳುವುದಿಲ್ಲ. ತಮ್ಮ ಪ್ರಾರ್ಥನೆಗೆ ಬನ್ನಿರೆಂದು ಒತ್ತಾಯಿಸುವುದಿಲ್ಲ.

ಇಲ್ಲಿ ನೀವು ಗಮನಿಸಬೇಕಾದ ಧರ್ಮಸೂಕ್ಷ್ಮವೊಂದಿದೆ. ಕೊಡುವುದು ಸುಲಭ, ಕೊಟ್ಟೆನೆಂಬುದನ್ನು ಮರೆಯುವುದು ಕಷ್ಟ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ಶರಣರು ದಾನವೆನ್ನದೆ ದಾಸೋಹವೆಂದರು, ನೀಡುವವನೇ ದಾಸನೆಂದರು. ಅತಿಥಿಯು ಒಂದೇ ಮನೆಯಲ್ಲಿ ಬಹುಕಾಲ ಉಳಿದರೆ ‘ಇವರು ನಮ್ಮವರು, ನಾವು ಸಾಕಿದವರು’ ಎಂಬ ಭಾವ ಆತಿಥೇಯನಲ್ಲಿ ತಾನಾಗಿಯೇ ಮೊಳೆಯುತ್ತದೆ. ಹಲವು ಮತಗಳವರು ಸರದಿಯಿಂದ ಸೇವೆ ಮಾಡುವಾಗ ಆ ಅಹಂಕಾರಕ್ಕೆ ಬೇರುಬಿಡಲು ಎಡೆಯಿಲ್ಲ. ಈ ವಾರದ ಅತಿಥಿ ಮುಂದಿನ ವಾರ ಇನ್ನೊಂದು ಮತದವರ ಅತಿಥಿ. ಯಾರೊಬ್ಬರ ಸ್ವತ್ತೂ ಅಲ್ಲದ ಕಾರಣದಿಂದಲೇ ಅವನು ಎಲ್ಲರ ಅತಿಥಿ.

‘ಪರಮತದವರು ಪೂಜಾಸ್ಥಾನದಲ್ಲಿ ಉಂಡು ಮಲಗಿದರೆ ಅದರ ಪಾವಿತ್ರ್ಯಕ್ಕೆ ಭಂಗವಲ್ಲವೇ?’ ಎಂದು ಕೆಲವರು ಕೇಳಬಹುದು. ಜಂಗಮಸೇವೆಯನ್ನು ಲಿಂಗಪೂಜೆಗಿಂತ ಕಿರಿದೆಂದು ಎಣಿಸದ ಪರಂಪರೆ ನಮ್ಮದು. ಹಸಿದ ಮಗು ನಿದ್ರಿಸಿದ ಕೋಣೆ ಅಪವಿತ್ರವಾಗುವುದಾದರೆ, ಪವಿತ್ರವೆಂಬ ಮಾತಿಗೆ ಅರ್ಥವೇನು?

ಆದರೂ ಈ ಕ್ರಮದ ಮಿತಿಯನ್ನು ಮರೆಯಲಾಗದು. ವಾರಕ್ಕೊಮ್ಮೆ ಗಂಟುಮೂಟೆ ಕಟ್ಟುವ ಮಗುವಿಗೆ ನೆಲೆಯ ನೆಮ್ಮದಿ ಎಲ್ಲಿಯದು? ಕೊಡುವವನ ಅಹಂಕಾರ ಕರಗಲೆಂದು ಕೊಳ್ಳುವವನ ಮಗು ಅಲೆಯಬೇಕೆಂದರೆ ಅದು ಧರ್ಮವಾಗದು. 2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಅನೇಕ ಊರುಗಳಲ್ಲಿ ಸರದಿ ನಿಂತಿತು. ಹಲವರು ಕುಟುಂಬಗಳನ್ನು ಒಂದೇ ಕಡೆ ಇರಿಸಿ, ತಾವೇ ಅಲ್ಲಿಗೆ ಹೋಗಿ ಸೇವೆಮಾಡುವ ಕ್ರಮಕ್ಕೆ ಬಂದರು. ಬಾಡಿಗೆ ಕಟ್ಟಲಾಗದ ಸಂಸಾರಕ್ಕೆ ಮುಂಚೆಯೇ ಕೈಗೊಟ್ಟು, ಮನೆ ತಪ್ಪದಂತೆ ನೋಡಿಕೊಳ್ಳುವ ಕಾರ್ಯವೂ ನಡೆದಿದೆ. ಇದೇ ಸರಿಯಾದ ದಾರಿ. ಅಲೆಯಬೇಕಾದುದು ಸೇವಕ, ಅತಿಥಿಯಲ್ಲ. ಬಾಡಿಗೆಯ ಅನ್ಯಾಯವನ್ನು ಸರಿಪಡಿಸುವುದು ಸರ್ಕಾರದ ಕರ್ತವ್ಯ; ಆತಿಥ್ಯವು ಆ ಕರ್ತವ್ಯಕ್ಕೆ ಬದಲಿಯಾಗಬಾರದು. ಹಾಗೆಂದು, ನ್ಯಾಯ ಬರುವ ತನಕ ಕುಟುಂಬವು ಬೀದಿಯಲ್ಲಿ ಕಾಯಲೂಬಾರದು.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಂಧುಗಳೇ, ಪರಸ್ಥಳದ ಮಗುವಿಗೆ ಒಂದು ಹಾಸಿಗೆ, ಒಂದು ತಟ್ಟೆ ದೊರೆತರೆ ಏನಾಗುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರ ಮಕ್ಕಳು ಅಮೆರಿಕೆಯಲ್ಲಿ ನೆಲೆಸಿರುವುದೂ ಉಂಟು. ಅವರ ಊರಿನಲ್ಲಿ ಇಂಥ ಸೇವೆಯಿದ್ದರೆ ಒಂದು ಸಂಜೆಯ ಅಡಿಗೆ ಅವರದಾಗಲಿ. ಇಲ್ಲಿರುವವರು ತಮ್ಮ ಕೇರಿಯನ್ನೇ ನೋಡಲಿ. ಬಾಡಿಗೆ ಬಾಕಿಯಾಗಿ ನಾಳೆ ಸಾಮಾನು ಹೊರಗೆ ಬೀಳಲಿರುವ ಮನೆ ದೂರವಿರಲಾರದು. ಆ ಬಾಗಿಲಿಗೆ ಹೋಗುವಾಗ ನೆರೆಯ ಚರ್ಚಿನವರನ್ನೂ ಮಸೀದಿಯವರನ್ನೂ ಜೊತೆಗೆ ಕರೆದುಕೊಳ್ಳಿರಿ. ಭಾರ ಹಗುರವಾಗುವುದು, ಅಭಿಮಾನವೂ ಹಗುರವಾಗುವುದು.